ಮಾವನ ಫೋನಿಗೆ ಬಂದ ಓಟಿಪಿ

ಆನೇಮಹಲ್‌ನಲ್ಲಿ ಹೆದ್ದಾರಿಗೆ ಮುಖ ಮಾಡಿದ ಮಳಿಗೆಯೊಂದರಲ್ಲಿ ನನ್ನ ಬ್ಯೂಟಿ ಪಾರ್ಲರ್ ಇದೆ. ಒಂದು ಪಕ್ಕ ಪಂಕ್ಚರ್ ಅಂಗಡಿ, ಇನ್ನೊಂದು ಪಕ್ಕ ಗೊಬ್ಬರದ ಅಂಗಡಿ. ನನ್ನಲ್ಲಿಗೆ ಫೇಶಿಯಲ್‌ಗೆ ಬಂದವರು ಕಣ್ಣು ಮುಚ್ಚಿಕೊಂಡು ಗೊಬ್ಬರದ ವಾಸನೆಯನ್ನೂ ಅನುಭವಿಸಿಕೊಂಡೇ ಹೋಗುತ್ತಾರೆ. ಕುಂದೂರು ಕಡೆಯಿಂದ ಸೊಸೆಯಾಗಿ ಬಂದವಳು ನಾನು. ಹಾಸನಕ್ಕೆ ಬಸ್ಸಿನಲ್ಲಿ ಓಡಾಡಿ ಕೋರ್ಸ್ ಮುಗಿಸಿ ಈ ಕೆಲಸ ಹಿಡಿದೆ. ಹುಬ್ಬು, ಕೂದಲು, ಮದುಮಗಳ ಮೇಕಪ್ ಎಂದು ದಿನ ಚೆನ್ನಾಗಿಯೇ ಹೋಗುತ್ತಿತ್ತು. ಇನ್‌ಕಮ್ ಟ್ಯಾಕ್ಸ್ ಎನ್ನುವುದು ದೊಡ್ಡ ದೊಡ್ಡವರಿಗೆ ಬರುವ ಕಾಯಿಲೆ, ನಮ್ಮಂಥವರಿಗೆ ತಗಲುವುದಿಲ್ಲ ಅಂತಲೇ ತಿಳಿದಿದ್ದೆ.

ತಗಲಿದ್ದು ಮಾರನಹಳ್ಳಿ ಕಡೆಯ ಒಂದು ರೆಸಾರ್ಟಿನಿಂದ. ಊರಿನವರೆಲ್ಲ ಕಲ್ಯಾಣಮಂಟಪದಲ್ಲಿ ಮದುವೆಯಾದರೆ ಪೇಟೆಯವರು ಅಲ್ಲಿಗೆ ಬಂದು ಹುಲ್ಲಿನ ಮೇಲೆ ಮದುವೆಯಾಗುತ್ತಾರೆ. ಮದುಮಗಳ ಮೇಕಪ್‌ಗೆ ರೆಸಾರ್ಟಿನವರು ನನ್ನನ್ನು ಕರೆಯತೊಡಗಿದರು. ಕೆಲಸವೇನೋ ಭರ್ಜರಿ. ಆದರೆ ಖಾತೆಗೆ ಬಂದ ದುಡ್ಡು ಪ್ರತಿಸಲ ಮಾತಾಡಿದ್ದಕ್ಕಿಂತ ಕಡಿಮೆ. ಒಂದು ದಿನ ತಡೆಯಲಾರದೆ ಮ್ಯಾನೇಜರನ ಎದುರು ಹೋಗಿ ನಿಂತೆ.

"ಏನ್ ಸಾರ್, ನಾನೇನು ಮುಕ್ಕಾಲು ಮುಖಕ್ಕೆ ಮೇಕಪ್ ಮಾಡಿ ಎದ್ದು ಬಂದ್ನಾ?"

"ಟಿಡಿಎಸ್ ಮೇಡಂ, ನಿಮ್ಮ ಹೆಸರಲ್ಲೇ ಸರ್ಕಾರಕ್ಕೆ ಕಟ್ಟಿದ್ದೀವಿ. ನೀವು ರಿಟರ್ನ್ ಫೈಲ್ ಮಾಡಿ, ವಾಪಸ್ ಬರುತ್ತೆ," ಎಂದು ನಕ್ಕ.

ಸರ್ಕಾರಕ್ಕೆ ಹೋದ ದುಡ್ಡು ವಾಪಸ್ ಬರುತ್ತದೆ ಎಂದು ನಗುತ್ತಾ ಹೇಳುವವನನ್ನು ಹೇಗೆ ನಂಬುವುದು? ಇವನೇ ನುಂಗಿದ್ದಾನೆ ಎಂದು ಅವತ್ತು ನನಗೆ ಖಾತ್ರಿಯಾಗಿತ್ತು.

ಊಟದ ಹೊತ್ತಿಗೆ ಮನೆಯಲ್ಲಿ ವಿಷಯ ಎತ್ತಿದೆ. ನನ್ನ ಗಂಡ ಪಿಕಪ್ ಓಡಿಸುವವರು, ಅವರು ಸುಮ್ಮನೆ ಮುದ್ದೆ ಮುರಿಯುತ್ತಿದ್ದರು. ಮಾವ ಮಾತ್ರ ತಟ್ಟೆ ಸರಿಸಿದರು. ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ ಇಟ್ಟುಕೊಂಡಿರುವ ಮನುಷ್ಯ. ಕಾನೂನಿನ ವಿಷಯ ಬಂದರೆ ಅವರಿಗೆ ಎಲ್ಲಿಲ್ಲದ ಹುರುಪು.

"ನಾವು ತಾತನ ಕಾಲದಿಂದ ಟ್ಯಾಕ್ಸ್ ಕಟ್ಟಿಲ್ಲ ಕಣವ್ವ. ವ್ಯವಸಾಯಕ್ಕೆ ಟ್ಯಾಕ್ಸೇ ಇಲ್ಲ. ನೀನೂ ವ್ಯವಸಾಯ ಅಂತ ಬರ್ಸು."

"ಪಾರ್ಲರ್ ಹೆಂಗ್ ಮಾವ ವ್ಯವಸಾಯ ಆಗ್ತದೆ?"

"ಅಲ್ಲ, ಕೂದಲು ತಾನಾಗಿ ಬೆಳೀತೈತೋ ಇಲ್ವೋ? ಬೆಳೆದಿದ್ದನ್ನ ನೀನು ಕತ್ತರಿಸ್ತೀಯ. ಕಾಫಿ ಗಿಡದಲ್ಲಿ ನಾನು ಚಿಗುರು ತೆಗೆಯಕ್ಕೂ ನೀನು ಹುಬ್ಬು ತೆಗೆಯಕ್ಕೂ ಏನ್ ವ್ಯತ್ಯಾಸ ಐತೆ, ಹೇಳು ನೋಡಣ?"

ಸರಿಸಿದ ತಟ್ಟೆಯನ್ನು ಮತ್ತೆ ಅವರ ಮುಂದಿಟ್ಟು ಸಾರು ಬಡಿಸಿದೆ.

ಸಕಲೇಶಪುರದಲ್ಲಿ ಟ್ಯಾಕ್ಸ್ ಕೆಲಸ ಮಾಡಿಕೊಡುವ ಒಬ್ಬ ಹೆಂಗಸಿದ್ದಾರೆ. ಮಂಗಳೂರು ಮೂಲದ ಕ್ರಿಶ್ಚಿಯನ್ನರು, ವಯಸ್ಸು ಅರವತ್ತು ದಾಟಿದೆ. ಪ್ಲಾಂಟರ್‌ಗಳೂ ಅವರ ಎದುರು ಕೈಕಟ್ಟಿ ಕೂರುತ್ತಾರೆ. ಮಹಡಿ ಮೇಲಿನ ಅವರ ಆಫೀಸಿಗೆ ಜುಲೈ ತಿಂಗಳ ಒಂದು ಬೆಳಿಗ್ಗೆ ಹೋದೆ. ಕೈಯಲ್ಲಿ ದೊಡ್ಡ ಬ್ಯಾಗು, ಅದರ ತುಂಬ ಬಿಲ್ಲು. ನೂಲಿನುಂಡೆ, ವ್ಯಾಕ್ಸ್, ಮೆಹಂದಿ, ಹತ್ತಿ, ಕೊನೆಗೆ ಪಾರ್ಲರಿಗೆ ತಂದ ಸೊಳ್ಳೆ ಬತ್ತಿಯದ್ದೂ ಬಿಟ್ಟಿರಲಿಲ್ಲ.

"ಉದ್ಯೋಗ?" ಎಂದು ಕಂಪ್ಯೂಟರ್ ನೋಡುತ್ತಲೇ ಕೇಳಿದರು.

"ಗೃಹಿಣಿ," ಎಂದೆ. ಎಲ್ಲ ಕಡೆ ಹಾಗೇ ಬರೆಸಿ ಅಭ್ಯಾಸ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎಂತ ಮಾರಾಯ್ತಿ? ಮನೆಯಲ್ಲಿ ಅನ್ನ ಸಾರು ಮಾಡಿದ್ದಕ್ಕೆ ರೆಸಾರ್ಟಿನವರು ಟಿಡಿಎಸ್ ಹಿಡಿದದ್ದಾ?"

ನಾಚಿಕೆಯಾಗಿ ಪಾರ್ಲರ್ ಅಂದೆ. ಆಮೇಲೆ ಉಮೇದಿನಿಂದ ಬಿಲ್ಲುಗಳ ಬ್ಯಾಗನ್ನು ಮೇಜಿನ ಮೇಲೆ ಬಗ್ಗಿಸಿದೆ. ಅವರು ಒಂದು ಲಿಪ್‌ಸ್ಟಿಕ್ ಬಿಲ್ಲನ್ನು ಎರಡು ಬೆರಳಲ್ಲಿ ಎತ್ತಿದರು.

"ಇದು ಗಿರಾಕಿಗಾ, ನಿಮಗಾ?"

"ನಂಗೇ. ಆದ್ರೆ ಮೇಡಂ, ನನ್ನ ಮುಖ ಚೆನ್ನಾಗಿಲ್ದಿದ್ರೆ ಅವರ ಮುಖ ನನ್ನ ಕೈಗೆ ಯಾಕೆ ಕೊಡ್ತಾರೆ? ನನ್ನ ಮುಖವೇ ಅಂಗಡಿ ಬೋರ್ಡು."

"ಬೋರ್ಡು ರಾತ್ರಿ ಮನೆಗೂ ಬರ್ತದಲ್ಲಾ," ಎಂದರು ಅವರು. ನಾನು ಏನೋ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಬಿಲ್ಲುಗಳನ್ನೆಲ್ಲ ಬಾಚಿ ವಾಪಸ್ ಬ್ಯಾಗಿಗೆ ತುಂಬಿದರು. ನನ್ನಂಥ ಸಣ್ಣ ವ್ಯವಹಾರದವರು ಒಂದೊಂದು ಖರ್ಚನ್ನೂ ತೋರಿಸಬೇಕಾಗಿಲ್ಲವಂತೆ. ಒಟ್ಟು ಬಂದದ್ದರಲ್ಲಿ ಇಷ್ಟು ಪಾಲು ಲಾಭ ಎಂದು ಲೆಕ್ಕ ಹಿಡಿಯುವ ಸುಲಭದ ದಾರಿ ಇದೆಯಂತೆ. ಸೊಳ್ಳೆ ಬತ್ತಿಯ ಚೀಟಿಯನ್ನೂ ಬಿಡದೆ ಜೋಪಾನ ಮಾಡಿದ್ದ ನನಗೆ ಹೊಟ್ಟೆ ಉರಿಯಿತು.

"ಬಂದದ್ದೆಲ್ಲ ಹೇಳಿ. ಫೋನ್‌ಪೇಯಲ್ಲಿ ಬಂದದ್ದು ಬ್ಯಾಂಕಿನಲ್ಲಿ ಉಂಟು. ಕ್ಯಾಶ್? ಬೇರೆ ಎಂತಾದ್ರೂ?"

"ಕೆಲವರು ಕಾಳುಮೆಣಸು ಕೊಡ್ತಾರೆ ಮೇಡಂ."

ಅವರ ಕೈ ನಿಂತಿತು. "ಎಂತ ಕೊಡ್ತಾರೆ?"

ಎಸ್ಟೇಟಿನ ಕೆಲವು ಹೆಂಗಸರು ಕೈಯಲ್ಲಿ ಕಾಸಿಲ್ಲದಾಗ ಫೇಶಿಯಲ್‌ಗೆ ಮೆಣಸು, ಹೇರ್ ಡೈಗೆ ಜೇನು ತಂದುಕೊಡುವ ಪದ್ಧತಿಯನ್ನು ವಿವರಿಸಿದೆ. ಹಿಂದಿನ ಬೆಂಚಿನಲ್ಲಿ ಕಾಯುತ್ತಿದ್ದ ಪ್ಲಾಂಟರೊಬ್ಬರು ಪೇಪರ್ ಕೆಳಗಿಳಿಸಿದರು. ತಮ್ಮ ಸ್ಟೋರಿನ ಮೆಣಸು ಎಲ್ಲಿಗೆ ಹೋಗುತ್ತಿದೆ ಎಂದು ಅವರಿಗೆ ಆಗ ಅನುಮಾನ ಬಂದಿರಬೇಕು. ನಾನು ತಕ್ಷಣ ದನಿ ತಗ್ಗಿಸಿದೆ. ಮೇಡಂ ನಿಟ್ಟುಸಿರು ಬಿಟ್ಟು, "ಮೆಣಸು ಹಾಕ್ಲಿಕ್ಕೆ ಇಲ್ಲಿ ಕಾಲಂ ಇಲ್ಲ. ರೇಟು ಕಟ್ಟಿ ದುಡ್ಡಲ್ಲೇ ಸೇರಿಸುವ," ಎಂದರು.

ಎಲ್ಲ ತುಂಬಿ ಆಯಿತು. ಆದಾಯ ಮಿತಿಯೊಳಗೇ ಇರುವುದರಿಂದ ಕಟ್ಟುವುದೇನೂ ಇಲ್ಲ, ಹಿಡಿದದ್ದೆಲ್ಲ ವಾಪಸ್ ಬರಬೇಕು ಎಂದರು. ರೆಸಾರ್ಟಿನ ಮ್ಯಾನೇಜರ್ ಕಳ್ಳನಲ್ಲ ಎಂದು ಒಪ್ಪಿಕೊಳ್ಳುವುದೊಂದೇ ಕಷ್ಟವಾಯಿತು.

"ಇನ್ನು ಆಧಾರ್ ಓಟಿಪಿ ಬರ್ತದೆ, ಹೇಳಿ."

ಫೋನು ಹಿಡಿದು ಕೂತೆ. ಬರಲಿಲ್ಲ. ಆಮೇಲೆ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಆಧಾರ್ ತಿದ್ದಿಸುವಾಗ ಮನೆಯಲ್ಲಿ ಎಲ್ಲರ ಕಾರ್ಡಿಗೂ ಕೊಟ್ಟಿದ್ದು ಒಂದೇ ನಂಬರು, ಮಾವನದ್ದು. ಅವರಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ತೋಟದಲ್ಲಿ ಸಿಗ್ನಲ್ ಸಿಗುವ ಬಂಡೆಯ ಹತ್ತಿರವೇ ಇದ್ದರು.

"ಮಾವ, ನಿಮ್ಮ ಫೋನಿಗೊಂದು ನಂಬರ್ ಬಂದೈತೆ, ಓದಿ ಹೇಳಿ."

"ಬಂದೈತೆ. ಹೇಳಕ್ಕಾಗಲ್ಲ."

"ಯಾಕೆ?"

"ಯಾರಿಗೂ ಹೇಳಬೇಡಿ ಅಂತ ಇದ್ರಾಗೇ ಐತಲ್ಲವ್ವ. ಫೋನ್ ಮಾಡ್ದಾಗೆಲ್ಲ ಒಬ್ಬಳು ಅದನ್ನೇ ಬಡ್ಕೋತಾಳೆ."

"ಮಾವ, ನಾನು ನಿಮ್ ಸೊಸೆ!"

"ಸೊಸೆ ಗಂಟಲಲ್ಲೇ ಮಾತಾಡಿ ದುಡ್ಡು ಎಗರಿಸ್ತಾರಂತೆ. ಕಂಪ್ಯೂಟರಲ್ಲಿ ಹಂಗೆ ಮಾಡ್ತಾರೆ ಅಂತ ಟೀವೀಲಿ ತೋರ್ಸಿದ್ರು. ಸೊಸೆನೇ ಆಗಿದ್ರೆ ಹೇಳು, ನಮ್ಮ ಕೆಂದ ಹಸ ಈಗ ಎಷ್ಟನೇ ಸೂಲು?"

ಅದು ಎಷ್ಟು ಸಲ ಕರು ಹಾಕಿದೆಯೆಂದು ನನಗೆ ಗೊತ್ತಿರಲಿಲ್ಲ. ದನದ ಕೊಟ್ಟಿಗೆ ಅತ್ತೆಯ ಇಲಾಖೆ. ಮೂರನೇದು ಎಂದು ಗಾಳಿಯಲ್ಲಿ ಗುಂಡು ಹಾರಿಸಿದೆ.

"ನೋಡ್ದಾ!" ಎಂದು ಮಾವ ಗೆದ್ದ ದನಿಯಲ್ಲಿ ಕೂಗಿದರು. "ಕಳ್ ನನ್ಮಕ್ಳಾ, ನನ್ ಹತ್ರ ಆಟ ಆಡ್ತೀರಾ?"

ಮೇಡಂ ಫೋನು ಕಿತ್ತುಕೊಂಡು, "ನೋಡಿ, ನಾನು ಟ್ಯಾಕ್ಸ್ ಆಫೀಸಿಂದ ಮಾತಾಡುದು," ಎಂದರು. ಅದಕ್ಕಿಂತ ಕೆಟ್ಟ ಮಾತು ಬೇರೆ ಇರಲಿಲ್ಲ. "ಹೆಂಗಸ್ರ ಗ್ಯಾಂಗೇ ಐತೆ!" ಎಂದು ಮಾವ ಕಾಲ್ ಕಟ್ ಮಾಡಿದರು. ಬೆಂಚಿನ ಮೇಲಿದ್ದ ಪ್ಲಾಂಟರ್ ನಕ್ಕೂ ನಕ್ಕೂ ಕೆಮ್ಮತೊಡಗಿದರು. ನಾನು ಮತ್ತೆ ಮತ್ತೆ ಮಾಡಿದೆ, ಮಾವ ಎತ್ತಲಿಲ್ಲ. ಪಿಕಪ್ ತೆಗೆದುಕೊಂಡು ಮಂಗಳೂರಿಗೆ ಹೊರಟಿದ್ದ ಗಂಡನಿಗೆ ಹೇಳೋಣವೆಂದರೆ ಅವರು ಆಗಲೇ ಘಾಟಿ ಇಳಿಯುತ್ತಿದ್ದರು, ನೆಟ್‌ವರ್ಕ್ ಇಲ್ಲ.

ನನ್ನನ್ನು ಬದಿಗೆ ಕೂರಿಸಿ ಮೇಡಂ ಪ್ಲಾಂಟರನ್ನು ಕರೆದರು. ಅವರ ಕೆಲಸ ಮುಗಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಗಂಬೂಟಿನ ಧಪಧಪ ಸದ್ದು. ಮಾವ! ಬೆಳಿಗ್ಗೆ ನಾನು ಹೇಳಿ ಹೊರಟಿದ್ದ ವಿಳಾಸಕ್ಕೆ ತೋಟದಿಂದ ನೇರ ಆಟೋ ಹಿಡಿದು ಬಂದಿದ್ದರು. ಮೊಣಕಾಲುದ್ದ ಕೆಸರು, ಕಾಲರಿನ ಮೇಲೊಂದು ಜಿಗಣೆ. ಕೈಯಲ್ಲಿ ಫೋನನ್ನು ಕೋಳಿಮರಿ ಹಿಡಿದಂತೆ ಮುಚ್ಚಿ ಹಿಡಿದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾನು ನಾನೇ ಎಂದು ಖಾತ್ರಿ ಮಾಡಿಕೊಂಡರು.

"ನಿನ್ ಹೆಸರಲ್ಲಿ ಯಾರೋ ಫೋನ್ ಮಾಡಿದ್ರು ಕಣವ್ವ. ಕೊಡ್ಲಿಲ್ಲ ನಾನು. ಎದುರಿಗೇ ಕೊಡಣ ಅಂತ ಬಂದೆ," ಎಂದು ನನ್ನ ಕಿವಿಯ ಹತ್ತಿರ ಬಗ್ಗಿ ನಂಬರನ್ನು ಪಿಸುಗುಟ್ಟಿದರು.

ಅದರ ಅವಧಿ ಮುಗಿದು ಎಷ್ಟೋ ಹೊತ್ತಾಗಿತ್ತು. ಮೇಡಂ ಇನ್ನೊಂದು ಕಳಿಸಿದರು. ಇದನ್ನು ಮಾವ ಮೇಡಂಗೂ ಹೇಳಲಿಲ್ಲ. ನನಗೆ ಹೇಳಿದರು, ನಾನು ಮೇಡಂಗೆ ಹೇಳಿದೆ. ಕೆಲಸ ಮುಗಿಯಿತು. ಮೇಡಂ ಇಬ್ಬರಿಗೂ ಚಹಾ ತರಿಸಿದರು. ಮಾವ ಸಾಸರಿಗೆ ಬಗ್ಗಿಸಿಕೊಂಡು ಕುಡಿಯುತ್ತಾ ಕೂದಲು ಮತ್ತು ವ್ಯವಸಾಯದ ವಿಷಯ ಎತ್ತಿದರು. ಮೇಡಂ ಪೂರ್ತಿ ಕೇಳಿಸಿಕೊಂಡು, "ಭೂಮಿ ಬೇಕು ಅಣ್ಣ, ತಲೆ ಸಾಕಾಗುದಿಲ್ಲ," ಎಂದರು. ಮಾವ ಬಹಳ ಯೋಚಿಸಿ ಒಪ್ಪಿದರು.

ಕೆಲವು ವಾರಗಳಲ್ಲಿ ದುಡ್ಡು ಖಾತೆಗೆ ಬಂತು. ರೆಸಾರ್ಟಿನ ಮ್ಯಾನೇಜರಿಗೆ ಮುಖ ತೋರಿಸಲು ಸ್ವಲ್ಪ ಸಂಕೋಚವಾಗಿ, ಅವನ ತಂಗಿಯ ಮದುವೆಗೆ ಮೆಹಂದಿ ಬಿಟ್ಟಿ ಹಾಕಿಕೊಟ್ಟೆ. ಆಲೂರಿನ ಪಾರ್ಲರಿನ ಹುಡುಗಿಯರು ಈಗ ನನಗೆ ಫೋನ್ ಮಾಡಿ ರಿಟರ್ನ್ ವಿಷಯ ಕೇಳುತ್ತಾರೆ. ನಾನೂ ದೊಡ್ಡ ತಜ್ಞೆಯಂತೆ, "ಮೊದಲು ಆಧಾರಿಗೆ ಕೊಟ್ಟಿರೋ ಫೋನ್ ನಂಬರ್ ಯಾರದ್ದು ನೋಡ್ಕೊಳ್ರೀ," ಎನ್ನುತ್ತೇನೆ.

ನಾನೂ ನೋಡಿಕೊಂಡೆ. ಈ ವರ್ಷ ಆಧಾರ್ ಕೇಂದ್ರಕ್ಕೆ ಹೋಗಿ ನನ್ನ ನಂಬರನ್ನೇ ಹಾಕಿಸಿಕೊಂಡು ಬಂದೆ. ಮಾವನಿಗೆ ತಿಳಿದು ಅವತ್ತಿಡೀ ಮಾತಾಡಲಿಲ್ಲ. ಮರುದಿನ ಕಾಫಿ ಕೊಡುವಾಗ ನಾನೇ ಕೇಳಿದೆ.

"ಏನಿಲ್ಲವ್ವ," ಎಂದರು. "ಇಷ್ಟು ವರ್ಷ ಒಂದ್ ನಂಬರೂ ಆಚೆಗೆ ಬಿಟ್ಟಿಲ್ಲ ನಾನು. ಅಂಥವನ ಹತ್ರ ಇದ್ದುದ್ನ ಕಿತ್ಕೊಂಡ್ಬುಟ್ಯಲ್ಲ, ಅದ್ಕೆ."

ಅವರಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ.