ನನ್ನ ತಮ್ಮನಿಗೆ ಅವರಿಟ್ಟ ಹೆಸರು

ನನ್ನ ತಮ್ಮ ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಸತ್ತವರ ಹೆಸರನ್ನು ನಾವು ಬಾಯಲ್ಲಿ ಆಡುವುದಿಲ್ಲ. ಹೆಸರು ಕಿವಿಗೆ ಬಿದ್ದರೆ ಹೋಗುತ್ತಿರುವವನು ತಿರುಗಿ ನೋಡುತ್ತಾನೆ, ತಿರುಗಿ ನೋಡಿದವನಿಗೆ ತನ್ನ ನೆಲದ ದಾರಿ ತಪ್ಪುತ್ತದೆ. ದುಃಖದ ಕಾಲ ಮುಗಿಯಿತೆಂದು ಹಿರಿಯರು ಹೇಳಿದ ಮೇಲೆ ಆ ಹೆಸರು ಮತ್ತೆ ಬಾಯಿಗೆ ಬರುತ್ತದೆ, ಅಲ್ಲಿಯವರೆಗೆ ಇಲ್ಲ. ನನ್ನ ಮೈದುನನೊಬ್ಬನಿಗೂ ಅದೇ ಹೆಸರು. ಅವನಿಗೆ ಅರವತ್ತು ದಾಟಿದೆ, ಲಾರಿ ಓಡಿಸುತ್ತಾನೆ. ಪಾಪ, ಅವನೂ ಈಗ ಹೆಸರಿಲ್ಲದವನು. ‘ಏ ಲಾರಿಯವನೇ’ ಎಂದು ಕರೆಯುತ್ತೇವೆ.

ನಾವಿಬ್ಬರೂ ಹುಟ್ಟಿದ್ದು ಪ್ರಾಸರ್ ದೊರೆಯ ದನದ ಎಸ್ಟೇಟಿನಲ್ಲಿ. ಎಸ್ಟೇಟು ಎಂಬುದು ಅವರ ಮಾತು. ಬಿಳಿಯರು ಕಡಲು ದಾಟಿ ಬರುವುದಕ್ಕೆ ಎಷ್ಟೋ ಮುಂಚಿನಿಂದ ಆ ನೆಲ, ಆ ಹೊಳೆ, ಹೊಳೆಯ ಬಿಳಿ ಮರಗಳು ನಮ್ಮವೇ. ನಮ್ಮ ಹೆಸರು ಹೇಳಲು ದೊರೆಸಾನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಹೊರಳಿಸಲು ಅವಳು ಒಂದು ಸಲವಾದರೂ ನೋಡಲೂ ಇಲ್ಲ. ಅವಳು ಜಗಲಿಗೆ ಬಂದು ನಮ್ಮನ್ನು ಸಾಲಾಗಿ ನಿಲ್ಲಿಸಿದ ದಿನ ನನ್ನ ಕೈಯಲ್ಲಿ ಒಣಹಾಕಿದ ಬಟ್ಟೆ ಹಾರದಂತೆ ಹಗ್ಗಕ್ಕೆ ಸಿಕ್ಕಿಸುವ ಪೆಗ್ಗು ಇತ್ತು. ನನ್ನನ್ನು ಪೆಗ್ಗಿ ಎಂದಳು. ತಮ್ಮ ನೀರು ಕುಡಿಯಲು ಖಾಲಿ ಜಾಮ್ ಡಬ್ಬಿ ಹಿಡಿದಿದ್ದ. ಅವನು ಜಾಮ್‌ಟಿನ್ ಆದ. ಅವಳ ನಾಯಿಗೆ ಮಾತ್ರ ಇಂಗ್ಲೆಂಡಿನ ಯಾವನೋ ರಾಜನ ಹೆಸರಿತ್ತು.

ತಮ್ಮ ಕುದುರೆಗಳ ನಡುವೆ ಬೆಳೆದ. ದೊಡ್ಡವನಾದ ಮೇಲೆ ಬೇರೆಯವರು ಕೈಬಿಟ್ಟ ಕುದುರೆಯನ್ನು ಅವನಿಗೆ ಕೊಡುತ್ತಿದ್ದರು. ಕೊರೆಲ್ಲಾ ಕ್ರಾಸಿಂಗ್ ಊರಲ್ಲಿ ಬೇಸಗೆಗೆ ಮುಂಚೆ ಪಂದ್ಯ ನಡೆಯುತ್ತದೆ. ಪಳಗದ ಕುದುರೆಯ ಬೆನ್ನ ಮೇಲೆ ಯಾರು ಬೀಳದೆ ಕೂರುತ್ತಾರೋ ಅವರು ಗೆದ್ದಂತೆ. ಆ ವರ್ಷ ಬೂದು ಬಣ್ಣದ ಹೆಣ್ಣು ಕುದುರೆಯೊಂದು ಬಂದಿತ್ತು. ಬಿಳಿಯ ಸವಾರರನ್ನೆಲ್ಲ ಒಬ್ಬೊಬ್ಬರಾಗಿ ಧೂಳಿಗೆ ಎಸೆದಿತ್ತು. ತಮ್ಮ ಹತ್ತಿದ. ಅದು ಹಾರಿತು, ತಿರುಗಿತು, ಬೇಲಿಗೆ ಉಜ್ಜಿತು, ಕೊನೆಗೆ ಏದುಸಿರು ಬಿಡುತ್ತ ನಿಂತುಬಿಟ್ಟಿತು. ಇವನು ಅದರ ಕಿವಿಗೆ ಬಾಗಿ ಏನೋ ಹೇಳಿ ಇಳಿದ.

“ಏನೋ ಅಂದೆ ಅದಕ್ಕೆ? ಮಂತ್ರಾನಾ?” ಎಂದು ಆಮೇಲೆ ಕೇಳಿದೆ.

“ಎಂಥ ಮಂತ್ರ ಅಕ್ಕಾ. ಇಳಿಯೋವಾಗ ಒದೀಬೇಡ ಕಣೇ ಅಂದೆ.”

ಅವನ ಕೊರಳಿಗೆ ಕೆಂಪು ರೇಷ್ಮೆ ಪಟ್ಟಿ ಹಾಕಿದರು. ಪ್ರಾಸರ್ ದೊರೆ ಅವನ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡ. ಆಮೇಲೆ ಬಿಳಿಯರೆಲ್ಲ ಅವನ ಗೆಲುವಿಗೆಂದು ಕುಡಿಯಲು ಹೋಟೆಲಿನೊಳಗೆ ಹೋದರು. ಅವನು ಒಳಗೆ ಕಾಲಿಡುವಂತಿರಲಿಲ್ಲ, ಅದು ಕಾನೂನು. ಹಿತ್ತಲಲ್ಲಿ ಕುದುರೆಗಳ ಪಕ್ಕ ಕೂತು ಉಪ್ಪು ಮಾಂಸ ಮತ್ತು ಬೂದಿಯಲ್ಲಿ ಸುಟ್ಟ ರೊಟ್ಟಿ ತಿಂದ. ಕತ್ತಲಾಗುವುದರೊಳಗೆ ಊರು ಬಿಡಿ ಎಂದು ಪೊಲೀಸಿನವನು ಬಂದು ಹೇಳಿದ. ಪಟ್ಟಿಯನ್ನು ದೊರೆ ತನ್ನ ಮನೆಯ ಗಾಜಿನ ಬೀರುವಿನಲ್ಲಿಟ್ಟ. ಆ ಗಾಜನ್ನು ದಿನಾ ಒರೆಸುತ್ತಿದ್ದವಳು ನಾನು.

ಹಿಟ್ಟು, ಚಹಾ, ಸಕ್ಕರೆ, ಹೊಗೆಸೊಪ್ಪು ಕೊಟ್ಟು ನಮ್ಮಿಂದ ದುಡಿಸಿಕೊಂಡರು. ಬಿಳಿಯರಿಗೆ ಕೊಡುವ ಕೂಲಿಯನ್ನೇ ನಮಗೂ ಕೊಡಬೇಕೆಂದು ಸರ್ಕಾರ ಹೇಳಿದ ವರ್ಷ, ನಮ್ಮನ್ನು ಲಾರಿಗೆ ತುಂಬಿ ಊರಾಚೆಯ ಬಯಲಿಗೆ ತಂದು ಇಳಿಸಿದರು. ತಮ್ಮ ಹದಿನೈದು ಮಳೆಗಾಲ ತಗಡಿನ ಗುಡಿಸಲಲ್ಲಿ ಕಳೆದ. ಕುದುರೆ ಪಳಗಿಸುವಾಗ ಬಿದ್ದು, ಮುರಿದು ಕೂಡಿದ ಸೊಂಟವನ್ನು ಎಳೆದುಕೊಂಡು ಪೇಟೆಗೆ ಹೋದರೆ ಮಕ್ಕಳು ‘ಜಾಮ್‌ಟಿನ್, ಜಾಮ್‌ಟಿನ್’ ಎಂದು ಹಿಂದೆ ಬೀಳುತ್ತಿದ್ದವು. ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಅವನು ಸತ್ತ ದಿನ ಊರಿನಿಂದ ಒಬ್ಬರೂ ಬರಲಿಲ್ಲ.

ಮಳೆ ನಿಂತ ಮೇಲೆ ಒಬ್ಬ ಬಂದ, ಲೆನ್ ಪ್ರಾಸರ್. ಅದೇ ದೊರೆಯ ಮಗ, ಈಗ ಊರಿನ ಮಂಡಳಿಗೆ ಅಧ್ಯಕ್ಷ. ನಾನು ಒಲೆಯ ಬೂದಿಯಲ್ಲಿ ಉಡವನ್ನು ಹೂತು ಸುಡುತ್ತಿದ್ದೆ. ಮೂಗು ಮುಚ್ಚಿಕೊಂಡೇ ಮಾತಾಡಿದ.

“ಪೆಗ್ಗಿ, ಒಳ್ಳೇ ಸುದ್ದಿ. ಊರಿನ ಹೆಸರಾಂತವರಿಗೆಲ್ಲ ಪಂದ್ಯದ ಮೈದಾನದ ಗೋಡೆ ಮೇಲೆ ಹಿತ್ತಾಳೆ ಫಲಕ ಹಾಕ್ತಿದೀವಿ. ವಿಮಾನ ಹಾರಿಸಿದ ಹೆಂಗಸು, ಕ್ರಿಕೆಟ್ ಆಡಿದೋನು, ರೇಡಿಯೋದಲ್ಲಿ ಹಾಡಿದೋಳು. ಅವರ ಜೊತೆ ನಿನ್ನ ತಮ್ಮನೂ.”

“ಏನಿರುತ್ತೆ ಆ ಫಲಕದಲ್ಲಿ?”

“ಅವನ ಹೆಸರು. ಪೂರ್ತಿ ಹೆಸರು. ದೊಡ್ಡಕ್ಷರದಲ್ಲಿ. ನಾನೇ ಮೈಕಲ್ಲಿ ಓದ್ತೀನಿ.”

ಬೂದಿ ಕೆದಕುತ್ತಿದ್ದ ಕೋಲನ್ನು ಕೆಳಗಿಟ್ಟು ಎದ್ದೆ. “ಬೇಡ ದೊರೆ. ನಾವು ಇನ್ನೂ ಆ ಹೆಸರು ಹೇಳೋ ಹಾಗಿಲ್ಲ. ನೀವೂ ಹೇಳಬೇಡಿ. ಕೈ ಮುಗೀತೀನಿ.”

“ಹೆಸರಿಲ್ದೆ ಫಲಕ ಹ್ಯಾಗೆ ಹಾಕೋದು? ನಿಮಗೆ ಮರ್ಯಾದೆ ಕೊಟ್ರೂ ತಗೊಳ್ಳೋಕೆ ಬರಲ್ಲ,” ಎಂದು ಜೀಪು ಹತ್ತಿದ.

ಇವರಿಗೆ ಆ ಹೆಸರು ಸಿಕ್ಕಿದ್ದಾದರೂ ಎಲ್ಲಿಂದ? ಆಸ್ಪತ್ರೆಯಿಂದಲೋ ಪಾದ್ರಿಯಿಂದಲೋ ಇರಬೇಕೆಂದುಕೊಂಡೆ. ಬದುಕಿರುವಾಗ ಬಾಯಿಗೆ ಬರದ ಹೆಸರನ್ನು ಈಗ ಮೈಕಿನಲ್ಲಿ ಕೂಗುತ್ತಾರಂತೆ. ನನ್ನ ತಮ್ಮ ಅಷ್ಟು ದೂರ ನಡೆದುಹೋಗಿ ಇವನ ಕೂಗಿಗೆ ತಿರುಗಿ ನಿಲ್ಲಬೇಕೆ?

ತಮ್ಮನ ಮಗಳು ಲೋರ್ನಾ ಉಪಾಯ ಹೇಳಿದಳು. “ಅತ್ತೆ, ನಾವು ಹೆಂಗಸರೆಲ್ಲ ಮುಂದಿನ ಸಾಲಲ್ಲಿ ಕೂರೋಣ. ಅವನು ಹೆಸರಿಗೆ ಬಾಯಿ ತೆಗೀತಿದ್ದ ಹಾಗೆ ಒಟ್ಟಿಗೇ ಗೋಳಾಡಿಬಿಡೋಣ. ಮೈಕೂ ಕೇಳಬಾರದು, ಅಪ್ಪನಿಗೂ ಕೇಳಬಾರದು.”

“ಹೊರಗೆ ಹಾಕ್ತಾರೆ ಕಣೇ.”

“ಹೊರಗೇ ತಾನೇ ಇರೋದು ನಾವು?”

ಆ ದಿನ ಲಾರಿಯವನು ನಮ್ಮನ್ನೆಲ್ಲ ಲಾರಿಯ ಹಿಂದೆ ಕೂರಿಸಿಕೊಂಡು ಕರೆದೊಯ್ದ. ಮುಂದಿನ ಸಾಲಿಗೇ ಹೋಗಿ ಕೂತೆವು. ಟೋಪಿ ಹಾಕಿದ ಬಿಳಿಯ ಹೆಂಗಸರು ತಮ್ಮ ಕುರ್ಚಿಗಳನ್ನು ಒಂದಿಷ್ಟು ಆಚೆ ಸರಿಸಿಕೊಂಡರು. ವಿಮಾನದವಳ ಫಲಕ ಆಯಿತು, ಕ್ರಿಕೆಟ್ಟಿನವನದಾಯಿತು, ಹಾಡಿನವಳದಾಯಿತು. ಗೋಡೆಯ ಮೇಲೆ ಬಟ್ಟೆ ಮುಚ್ಚಿದ್ದು ಇನ್ನೊಂದೇ ಉಳಿದಿತ್ತು. ಲೆನ್ ಮೈಕು ಹಿಡಿದ.

“ಇನ್ನು ನಮ್ಮೆಲ್ಲರ ನೆಚ್ಚಿನ ಸವಾರ. ನಮ್ಮ ಮನೆಯವನೇ ಅಂತ ನಾವು ಸಾಕಿ ಬೆಳೆಸಿದ...”

ಲೋರ್ನಾ ನನ್ನ ಕೈ ಹಿಸುಕಿದಳು. ನಾವೆಲ್ಲ ಎದೆ ತುಂಬ ಉಸಿರೆಳೆದುಕೊಂಡೆವು.

“...ಜಾಮ್‌ಟಿನ್ ಪ್ರಾಸರ್!”

ಬಟ್ಟೆ ಸರಿಯಿತು. ಜನ ಚಪ್ಪಾಳೆ ಹೊಡೆದರು. ನಮ್ಮ ಉಸಿರು ಎದೆಯಲ್ಲೇ ನಿಂತಿತು. ನನಗೆ ಓದು ಅಷ್ಟಕ್ಕಷ್ಟೆ, ಆದರೂ ಎದ್ದು ಹೋಗಿ ಆ ಹಿತ್ತಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಡಬ್ಬಿಯ ಹೆಸರು ಇತ್ತು, ಅದರ ಹಿಂದೆ ದೊರೆಯ ಮನೆತನದ ಹೆಸರು ಇತ್ತು. ನನ್ನ ತಮ್ಮ ಅಲ್ಲಿ ಎಲ್ಲೂ ಇರಲಿಲ್ಲ.

ನಾನು ಎಷ್ಟೊಂದು ಹೆದರಿದ್ದೆ. ಇವರು ಅವನನ್ನು ಕರೆದುಬಿಡುತ್ತಾರೆಂದು ಹೆದರಿದ್ದೆ. ಕರೆಯಲು ಇವರಿಗೆ ಅವನ ಹೆಸರೇ ಗೊತ್ತಿರಲಿಲ್ಲ. ಬೂದು ಕುದುರೆಯ ದಿನವೂ ಇವರಿಗೆ ಗೊತ್ತಿರಲಿಲ್ಲ, ಇಡೀ ಜೀವಮಾನ ಗೊತ್ತಿರಲಿಲ್ಲ, ಒಬ್ಬನೂ ಕೇಳಿರಲಿಲ್ಲ.

“ಲೆನ್,” ಎಂದೆ. ಅವನು ದೊಡ್ಡವನಾದ ಮೇಲೆ ಅವನನ್ನು ದೊರೆ ಎನ್ನದೆ ಕರೆದದ್ದು ಅದೇ ಮೊದಲು. ಮೈಕು ಇನ್ನೂ ಅವನ ಕೈಯಲ್ಲೇ ಇತ್ತು, ನನ್ನ ದನಿ ಮೈದಾನವೆಲ್ಲ ಕೇಳಿಸಿತು. “ಇದು ಯಾರು?”

“ಯಾಕೆ ಪೆಗ್ಗಿ, ನಿನ್ನ ತಮ್ಮ ಕಣೇ.”

“ನನ್ನ ತಮ್ಮ ಡಬ್ಬಿ ಅಲ್ಲ. ನಿಮ್ಮಪ್ಪನಿಗೆ ಹುಟ್ಟಿದೋನೂ ಅಲ್ಲ. ನಮ್ಮಮ್ಮ ಹೊಳೇ ದಂಡೇಲಿ ಅವನನ್ನ ಹೆತ್ತಳು. ನಮ್ಮಜ್ಜ ಹೆಸರಿಟ್ಟ. ಕಿತ್ತು ಹಾಕು ಇದನ್ನ.”

ಲೆನ್ ಕೆಂಪಾದ. ಯಾರೋ ಹಿಂದಿನಿಂದ ನಕ್ಕರು. “ತಪ್ಪಾಗಿದ್ರೆ ಸರಿ ಮಾಡಿಸೋಣ,” ಎಂದ. “ಈಗಲೇ ಹೇಳು. ಅವನ ನಿಜವಾದ ಹೆಸರೇನು?”

ಎಷ್ಟು ವರ್ಷ ಕಾದಿದ್ದೆ ನಾನು ಆ ಪ್ರಶ್ನೆಗೆ! ಇವರ ಗಾಜು ಒರೆಸುವಾಗಲೆಲ್ಲ ಆ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಬಾಯಿ ಬಿಟ್ಟು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ.

“ಹೇಳಲ್ಲ,” ಎಂದೆ. “ಅವನು ಬದುಕಿದ್ದಾಗ ಯಾವತ್ತು ಕೇಳಿದ್ರೂ ಹೇಳ್ತಿದ್ದೆ. ಅವನೇ ಹೇಳ್ತಿದ್ದ, ನಗ್ತಾ ಹೇಳ್ತಿದ್ದ. ಈಗ ನಾನು ಹೇಳೋ ಹಾಗಿಲ್ಲ.”

ಲೆನ್ ಸುತ್ತ ನೋಡಿದ. ಲಾರಿಯವನು ಬೇಲಿಗೆ ಒರಗಿ ನಿಂತಿದ್ದ. “ನೀನಾದ್ರೂ ಹೇಳಯ್ಯ.”

“ನನ್ನ ಹೆಸರೂ ಅದೇ ಸ್ವಾಮಿ,” ಎಂದ ಲಾರಿಯವನು. “ನಂದನ್ನೇ ನಾನು ಹೇಳ್ತಿಲ್ಲ.”

ನಮ್ಮ ಹೆಂಗಸರು ಹಿಡಿದಿಟ್ಟ ಉಸಿರೆಲ್ಲ ಆಗ ನಗೆಯಾಗಿ ಹೊರಬಂತು. ನಾನು ನಗಲಿಲ್ಲ.

“ಹೋಗ್ಲಿ, ಯಾವಾಗ ಹೇಳೋಕಾಗುತ್ತೆ?” ಲೆನ್ ದನಿ ತಗ್ಗಿಸಿದ್ದ.

“ಹಿರಿಯರು ಹೇಳಿದಾಗ. ಆಗಲೂ ನಿನ್ನ ಗೋಡೆಗಲ್ಲ. ನಮ್ಮಲ್ಲಿ ಹುಟ್ಟೋ ಮಗುವಿಗೆ. ಒಂದ್ ವಿಷ್ಯ ನೆನಪಿಡು ಲೆನ್. ನಿನ್ನ ಒದ್ದೆ ಬಟ್ಟೇನ ದಿನಾ ಒಗೆದೋಳು ನಾನು. ನಿನಗೆ ಹಲ್ಲು ಬಂದಿರ್ಲಿಲ್ಲ, ಆಗಲೂ ನಿನ್ನನ್ನ ನಿನ್ನ ಹೆಸರು ಹಿಡಿದೇ ಕರೆದೆ.”

ಫಲಕವನ್ನು ಅಂದೇ ಬಿಚ್ಚಿಸಿದೆವು. ಲಾರಿಯವನೇ ತನ್ನ ಗಾಡಿಯ ಸ್ಕ್ರೂಡ್ರೈವರ್ ತಂದುಕೊಟ್ಟ. ಗೋಡೆಯಲ್ಲಿ ನಾಲ್ಕು ತೂತುಗಳು ಉಳಿದವು. ಅವಕ್ಕೆ ಸಿಮೆಂಟು ಬಳಿಯಲು ಬಂದವನನ್ನು ನಾನು ಬಿಡಲಿಲ್ಲ. ಬಂದವರು ಇಲ್ಲಿ ಯಾರದ್ದಿತ್ತು ಎಂದು ಕೇಳಲಿ. ಕೇಳಿದವರಿಗೆ ನಮಗೆ ಗೊತ್ತಿಲ್ಲ ಎಂದು ಲೆನ್ ಪ್ರಾಸರನೇ ತನ್ನ ಬಾಯಿಂದ ಹೇಳಲಿ.

ಹಿಂದಿರುಗುವಾಗ ನಾನು ಮುಂದೆ, ಲಾರಿಯವನ ಪಕ್ಕ ಕೂತಿದ್ದೆ. ಫಲಕ ನನ್ನ ಕಾಲಡಿಯಲ್ಲಿ ಗಡಗಡ ಸದ್ದು ಮಾಡುತ್ತಿತ್ತು. ಹೊಳೆ ದಾಟುವಾಗ ಗಾಡಿ ನಿಲ್ಲಿಸಲು ಹೇಳಿ ಅದನ್ನು ಕೆಸರಿಗೆ ಎಸೆದೆ. ಮುಳುಗಿತೋ ಇಲ್ಲವೋ ಎಂದು ನಿಂತು ನೋಡಲಿಲ್ಲ.

“ಅತ್ತಿಗೆ,” ಎಂದ ಅವನು ಸ್ವಲ್ಪ ದೂರ ಬಂದ ಮೇಲೆ, “ನನ್ನ ಹೆಸರು ನನಗೆ ಯಾವಾಗ ವಾಪಸ್ ಸಿಗುತ್ತೆ?”

“ನಿನ್ನ ಹೆಸರು ಎಲ್ಲೂ ಹೋಗಿಲ್ಲ ಕಣೋ. ಸುಮ್ನೆ ಗಾಡಿ ಓಡ್ಸು.”