ಮೂಗಿನ ಮೇಸ್ತ್ರಿ ಮತ್ತು ತಂಗಿಯ ಹಳೇ ಕಾರು

ಮೂಗಿನ ಮೇಸ್ತ್ರಿಗೆ ಆ ಹೆಸರು ಬಂದದ್ದು ಮೂಗಿನ ಉದ್ದಕ್ಕಲ್ಲ, ಅದು ಮಾಡುತ್ತಿದ್ದ ಕೆಲಸಕ್ಕೆ. ಮೂವತ್ತೊಂದು ವರ್ಷದಿಂದ ಹಳೇ ಕಾರುಗಳನ್ನೇ ರಿಪೇರಿ ಮಾಡುತ್ತ ಬಂದವನು. ಗಾಡಿ ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲುವಷ್ಟರಲ್ಲಿ ಒಮ್ಮೆ ಉಸಿರೆಳೆದು, "ಪೆಟ್ರೋಲ್ ಸೋರ್ತಿದೆ, ಹಿಂದಿನ ಎಡಗಡೆ ಚಕ್ರದ ಹತ್ರ" ಎಂದುಬಿಡುತ್ತಿದ್ದ. ಕೆಳಗೆ ನುಸುಳಿ ನೋಡಿದರೆ ಅಲ್ಲೇ ಸೋರುತ್ತಿರುತ್ತಿತ್ತು. ಪೈಪಿಗೆ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೋ ಎಂದು ಕಾಯುವ ಮೆಕ್ಯಾನಿಕ್ಕುಗಳನ್ನು ಕಂಡರೆ ಅವನಿಗೆ ನಗು. "ಗಾಡಿಗೆ ಸ್ನಾನ ಮಾಡಿಸ್ತಿದ್ದೀರೇನ್ರಪ್ಪಾ?" ಎಂದು ಛೇಡಿಸುತ್ತಿದ್ದ. ಜಂಬ ಇತ್ತು, ಸುಳ್ಳೇಕೆ ಹೇಳಲಿ.

ಆ ಮೂಗು ನಾಲ್ಕು ತಿಂಗಳ ಹಿಂದೆ ಕೈಕೊಟ್ಟಿತು. ಒಂದು ವಾರ ಜ್ವರ, ನೆಗಡಿ. ನೆಗಡಿ ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಅಡುಗೆಮನೆಯಲ್ಲೇ ಕೂತು ಪೇಪರ್ ಓದುತ್ತಿದ್ದವನ ಪಕ್ಕದಲ್ಲಿ ಹಾಲು ಸೀದು ತಳ ಕಪ್ಪಾಗಿತ್ತು. ಹೆಂಡತಿ ಹಿತ್ತಿಲಿಂದ ಓಡಿಬಂದು, "ರೀ, ಮೂಗನ್ನ ಶೆಡ್ಡಲ್ಲೇ ಬಿಟ್ಟು ಬಂದ್ರಾ?" ಎಂದಳು. ಅವಳು ತಮಾಷೆಗೆ ಅಂದದ್ದು, ಇವನಿಗೆ ಅದು ನಿಜವೆಂದು ಆಗಲೇ ಹೊಳೆಯಿತು. ಪೇಪರ್ ಓದುತ್ತ ಮೈಮರೆತಿದ್ದೆ ಎಂದು ಹಾರಿಕೆಯ ಉತ್ತರ ಕೊಟ್ಟ. ಮೂಗು ಸತ್ತ ಮೂಗಿನ ಮೇಸ್ತ್ರಿಯ ಹತ್ತಿರ ಯಾರು ಗಾಡಿ ತರುತ್ತಾರೆ?

ವಾಸನೆ ಪೂರ್ತಿ ಹೋಗಿದ್ದರೆ ಅದೊಂದು ಲೆಕ್ಕ. ಆದರೆ ಬಾನೆಟ್ ಎತ್ತಿದ ಕೂಡಲೇ ಒಮ್ಮೊಮ್ಮೆ ಪೆಟ್ರೋಲ್ ಗಪ್ಪೆಂದು ಬಡಿದ ಹಾಗಾಗುತ್ತಿತ್ತು. ಅದು ಗಾಡಿಯದೋ, ಮೂವತ್ತೊಂದು ವರ್ಷದ ನೆನಪೋ? ಇನ್ನೊಮ್ಮೆ ಏನೂ ಇಲ್ಲ. ಇಲ್ಲ ಎಂದರೆ ಗಾಡಿಯಲ್ಲಿ ಇಲ್ಲವೋ, ತನ್ನ ಮೂಗಿಗೆ ಇಲ್ಲವೋ? ಯೋಚಿಸಿದಷ್ಟೂ ತಲೆ ಕಲಸಿದ ಹಾಗಾಗಿ, ಕೈಯಲ್ಲಿದ್ದ ಸ್ಪ್ಯಾನರನ್ನೇ ಶೆಡ್ಡೆಲ್ಲ ಹುಡುಕುತ್ತಿದ್ದ.

ಇಂಥ ಹೊತ್ತಿನಲ್ಲಿ ತಂಗಿ ಕಾರು ತಂದಳು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸು ಅವಳು. ಕಾರಿಗೆ ಇಪ್ಪತ್ತೆರಡು ವರ್ಷ.

"ಅಣ್ಣಾ, ಒಳಗೆ ಕೂತ್ರೆ ಪೆಟ್ರೋಲ್ ವಾಸನೆ. ತಲೆ ಸುತ್ತುತ್ತೆ."

ಕೆಳಗೆ ಹೋಗಿ ನೋಡಿದ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪು ತುಕ್ಕು ತಿಂದು ಒಂದು ಕಡೆ ಒದ್ದೆಯಾಗಿತ್ತು. ಸದ್ಯ, ಕಣ್ಣಿಗೆ ಕಂಡಿತು. ಹೊಸ ಪೈಪನ್ನು ಹಳೆಯದರ ಅಚ್ಚಿಗೆ ಸರಿಯಾಗಿ ಬಗ್ಗಿಸಿ ಕೂರಿಸಿದ. ಅದರ ಜೊತೆಜೊತೆಗೇ ಇನ್ನೊಂದು ಸಣ್ಣ ಪೈಪು ಹೋಗಿತ್ತು, ಟ್ಯಾಂಕಿನ ಆವಿಯನ್ನು ಎಂಜಿನ್ ಹತ್ತಿರದ, ಆವಿ ಹೀರಿಕೊಳ್ಳುವ ಡಬ್ಬಿಗೆ ಒಯ್ಯುವುದು. ಅದು ಒಣಗಿಯೇ ಇತ್ತು. ಅಭ್ಯಾಸಬಲದಿಂದ ಮೂಗು ಒಡ್ಡಿ ನೋಡಿದ. ಏನೂ ಇಲ್ಲ.

"ಆಯ್ತು ಹೋಗು, ವಾಸನೆ ಇಲ್ಲ."

ವಾರ ಬಿಟ್ಟು ಮತ್ತೆ ಬಂದಳು. "ಇನ್ನೂ ಬರ್ತಿದೆ ಅಣ್ಣಾ."

ಮತ್ತೆ ಕೆಳಗೆ ಮಲಗಿದ. ಒಂದು ಹನಿಯೂ ಇಲ್ಲ. ಮೂಗಿನ ವಿಷಯ ಹೇಳಿಬಿಡಲೇ ಎನಿಸಿತು. "ಸೀಟಿಗೆ ಹಿಡ್ದಿರತ್ತೆ. ಬಿಸಿಲಿಗೆ ನಿಲ್ಸು, ಹೋಗತ್ತೆ" ಎಂದು ಸಾಗಹಾಕಿದ.

ಮೂರನೇ ಸಲ ಅವಳು ನಡೆದುಕೊಂಡು ಬಂದಳು. ಹಳೇ ಟಯರಿನ ಮೇಲೆ ಕೂತು, ಕೈಯಲ್ಲಿದ್ದ ಲಕೋಟೆಯ ಮೂಲೆಯನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು.

"ನಾಳಿದ್ದು ತಲೆ ಸ್ಕ್ಯಾನ್ ಮಾಡಿಸ್ಬೇಕು."

"ಯಾಕೇ? ಏನಾಯ್ತು?"

"ಇಲ್ಲದ ವಾಸನೆ ಬರತ್ತೆ ಅಂದೆ ಡಾಕ್ಟ್ರಿಗೆ. ಮೆದುಳಲ್ಲಿ ಏನಾದ್ರೂ ಇದ್ರೂ ಹಾಗಾಗತ್ತಂತೆ. ನೀನೇ ಎರಡು ಸಲ ಇಲ್ಲ ಅಂದ್ಮೇಲೆ ಗಾಡೀಲಂತೂ ಇಲ್ಲ." ಲಕೋಟೆಯ ಮೂಲೆಯನ್ನು ಮತ್ತೆ ಮಡಿಸಿದಳು. "ಮನೇಲಿ ಹೇಳಿಲ್ಲ ಅಣ್ಣಾ. ಭಯ ಆಗ್ತಿದೆ."

ಮೇಸ್ತ್ರಿಗೆ ತಾನು ಮಾಡಿದ್ದೇನೆಂದು ಆಗ ಅರ್ಥವಾಯಿತು. ತನ್ನ ಮೂಗಿನ ಮರ್ಯಾದೆ ಉಳಿಸಲು ಹೋಗಿ ತಂಗಿಯ ತಲೆಯೇ ಕೆಟ್ಟಿದೆ ಎನ್ನುವಂತೆ ಮಾಡಿ ಕೂರಿಸಿದ್ದ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ನಿನ್ ತಲೆ ಸರಿ ಇದೆ," ಎಂದ. "ನಂಗೇ ವಾಸನೆ ಬರಲ್ಲ. ನಾಲ್ಕು ತಿಂಗಳಾಯ್ತು."

ಅವಳು ಕಣ್ಣು ಕಣ್ಣು ಬಿಟ್ಟಳು. ಇದು ಸಮಾಧಾನಕ್ಕೆ ಹೇಳುತ್ತಿರುವ ಸುಳ್ಳೋ, ಹಿಂದೆ ಹೇಳಿದ್ದು ಸುಳ್ಳೋ ಎಂದು ಅವಳಿಗೆ ಗೊಂದಲ. ಪಕ್ಕದಲ್ಲಿದ್ದ ಸೀಮೆಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು, "ಕಣ್ಣು ಮುಚ್ಚು" ಎಂದು ಅವನ ಮೂಗಿಗೆ ಹಿಡಿದಳು. "ಏನಿದು?"

"ಏನು... ನೀರಾ?"

ಅವಳು ಡಬ್ಬಿಯನ್ನು ಕುಕ್ಕಿದಳು. "ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ ಕಣೋ ನಾನು!" ಎಂದು ಬೈದಳು, ಅತ್ತಳು, ಮತ್ತೆ ಬೈದಳು. ಅವನು ಅಷ್ಟನ್ನೂ ಕೇಳಿಸಿಕೊಂಡ. ಆಮೇಲೆ ಹೋಗಿ ಕಾರು ತಂದಳು.

"ಯಾವಾಗ ಜಾಸ್ತಿ ಬರತ್ತೆ?" ಇಷ್ಟು ವರ್ಷದಲ್ಲಿ ಯಾರನ್ನೂ ಕೇಳದಿದ್ದ ಪ್ರಶ್ನೆಯನ್ನು ಮೇಸ್ತ್ರಿ ಕೇಳಿದ.

"ಫುಲ್ ಟ್ಯಾಂಕ್ ಹಾಕ್ಸಿ ಬಿಸಿಲಲ್ಲಿ ನಿಲ್ಸಿದಾಗ."

ಬಿಸಿಲಿಗೆ ನಿಲ್ಲಿಸು ಎಂದವನು ತಾನೇ! ಹಾಗಾದರೆ ಸೋರುತ್ತಿರುವುದು ಪೆಟ್ರೋಲಲ್ಲ, ಆವಿ. ಅವಳು ನೆಲಕ್ಕೆ ಬಗ್ಗಿ, "ಇಲ್ಲಿ ಕಮ್ಮಿ... ಇಲ್ಲಿ ಜಾಸ್ತಿ... ಅಬ್ಬಾ, ಇಲ್ಲಿ!" ಎಂದು ದಾರಿ ತೋರಿಸಿದಳು. ಮೇಸ್ತ್ರಿ ಟ್ಯಾಂಕಿನ ಮೇಲ್ಗಡೆ ಆ ಸಣ್ಣ ಪೈಪನ್ನು ಹಿಡಿದಿದ್ದ ಕ್ಲಿಪ್ ಬಿಚ್ಚಿದ. ಕ್ಲಿಪ್ಪಿನ ಮರೆಯಲ್ಲಿ ತುಕ್ಕು ತಿಂದಿದ್ದ ಪೈಪು ಕೈಯಲ್ಲೇ ಪುಡಿಯಾಯಿತು.

ಕಾರನ್ನು ಬಯಲಿಗೆ ತಳ್ಳಿ, ಬ್ಯಾಟರಿಯ ವೈರು ಕಳಚಿ, ಟ್ಯಾಂಕು ಖಾಲಿ ಮಾಡಿ, ಆವಿಯ ಪೈಪನ್ನು ತುದಿಯಿಂದ ತುದಿಗೆ ಬದಲಾಯಿಸಿದ. ಆಮೇಲೆ ತಾನೇ ಒಂದು ಬಟ್ಟಲಲ್ಲಿ ಸೋಪು ಕದಡಿ, ಜೋಡಣೆಗಳಿಗೆಲ್ಲ ನೊರೆ ಬಳಿದು, ಪೈಪಿನೊಳಗೆ ಮೆಲ್ಲಗೆ ಗಾಳಿ ಬಿಟ್ಟ. ಒಂದು ಗುಳ್ಳೆಯೂ ಏಳಲಿಲ್ಲ. ಟ್ಯಾಂಕು ತುಂಬಿಸಿ ಬಿಸಿಲಿಗೆ ನಿಲ್ಲಿಸಿ ಇಬ್ಬರೂ ಒಂದು ಗಂಟೆ ಕಾದರು.

ತಂಗಿ ಒಳಗೆ ಕೂತು ಉಸಿರೆಳೆದಳು. "ಇಲ್ಲ."

"ಸರಿಯಾಗಿ ನೋಡೇ."

"ಇಲ್ಲ ಅಂದ್ನಲ್ಲ. ನಿನ್ ಮಾತು ನಾನು ಎರಡು ಸಲ ನಂಬ್ದೆ. ನನ್ನದು ನೀನು ಒಂದು ಸಲ ನಂಬು. ಗಾಡಿ ಹತ್ತು, ನಿನ್ನನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ."

ಮೇಸ್ತ್ರಿ ಬಾಗಿಲು ತೆಗೆದ. ತಲೆ ಒಳಗೆ ಹಾಕಿದ್ದೇ ತಡ, ಪೆಟ್ರೋಲ್ ವಾಸನೆ ಗಪ್ಪೆಂದು ಬಡಿಯಿತು. ತಂಗಿ ಕೀ ತಿರುಗಿಸದೆ ಅವನ ಮುಖವನ್ನೇ ನೋಡುತ್ತಿದ್ದಳು.

ಅವನು ತನ್ನ ಮೂಗನ್ನು ಬಿಟ್ಟು ಅವಳ ಮೂಗನ್ನೇ ನಂಬಿ, ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡ.