ಸೊನ್ನೆಯ ಮೇಲಿನ ಮುಸುಕು

ನಮ್ಮ ದೇಶದ ಉದ್ಯಮಗಳು ಹೊಸದನ್ನು ಕಂಡುಹಿಡಿಯಲು ಎಷ್ಟು ಖರ್ಚು ಮಾಡುತ್ತವೆ ಎಂಬ ಪ್ರಶ್ನೆಗೆ ದಿಲ್ಲಿಯಲ್ಲಿ ಕುಳಿತು ಉತ್ತರ ಹೇಳುವವರು ಬಹಳ ಮಂದಿ ಇದ್ದಾರೆ. ಅದೇ ಪ್ರಶ್ನೆಯನ್ನು ಚೀಲದಲ್ಲಿ ಹಾಕಿಕೊಂಡು, ಮಕ್ತಲ್‌ನಿಂದ ಬೆಳಗಿನ ಬಸ್ಸು ಹಿಡಿದು, ಗದ್ವಾಲದ ನೇಕಾರರ ಓಣಿಯಲ್ಲೂ ಐಜದ ಹತ್ತಿ ಮಿಲ್ಲಿನಲ್ಲೂ ಕೋಸಗಿಯ ಶೇಂಗಾ ಎಣ್ಣೆ ಮಿಲ್ಲಿನ ಮುಂದೂ ನಿಂತು ಕೇಳಿದವರು, ತೆಲಂಗಾಣದ ಗಡಿಯ ಈ ಸೀಮೆಯ ಮಟ್ಟಿಗೆ, ಶ್ರೀಮತಿ ಭುವನೇಶ್ವರಿಯವರೊಬ್ಬರೇ. ಅಂಕಿಅಂಶ ಇಲಾಖೆಯ ನಾರಾಯಣಪೇಟೆ ಕಚೇರಿಯಿಂದ ಅವರು ನಿವೃತ್ತರಾಗಿರುವ ಈ ಸಂದರ್ಭದಲ್ಲಿ ಅವರ ಸೇವೆಯನ್ನು ಅಂಕಿಗಳಲ್ಲೇ ಹೇಳಿಬಿಡಬಹುದಿತ್ತು. ಆದರೆ ಅಂಕಿಗಳ ಮೇಲೆ ಅವರಿಗಿರುವ ಗೌರವ ಎಂಥದ್ದೆಂದರೆ, ಕೆಲಸವಿಲ್ಲದೆ ಅವನ್ನು ವೇದಿಕೆಗೆ ಎಳೆತಂದವರನ್ನು ಅವರು ಕ್ಷಮಿಸುವುದಿಲ್ಲ. ಆದ್ದರಿಂದ ಒಂದು ಮಗ್ಗದ ಕಥೆ ಹೇಳುವುದೇ ಕ್ಷೇಮ.

ಮಕ್ತಲ್‌ನಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಕಲಿತ ಭುವನೇಶ್ವರಿಯವರಿಗೆ ಇಲಾಖೆಗೆ ಸೇರಿದ ಮೇಲೆ ಜನ ಆ ಮೂರು ಭಾಷೆಯಲ್ಲೂ ‘ಇಲ್ಲ’ ಎಂದೇ ಉತ್ತರ ಕೊಟ್ಟರು. ಉಳ್ಳಾಗಡ್ಡಿ ಧಾರಣೆ ಬರೆದುಕೊಳ್ಳುವುದರಿಂದ ಹಿಡಿದು ಕೊಳವೆಬಾವಿ ಎಣಿಸುವವರೆಗೆ ಅವರು ಮಾಡದ ಕೆಲಸವಿಲ್ಲ. ಅವರದು ಎರಡೇ ಕಟ್ಟಳೆ. ಎದುರಿಗಿದ್ದವರು ಹೇಳಿದ್ದನ್ನಷ್ಟೇ ಬರೆಯಬೇಕು, ತಾವು ಬರೆಯಬೇಕೆಂದಿರುವುದನ್ನು ಅವರ ಬಾಯಲ್ಲಿ ತುರುಕಬಾರದು. ಮಾಹಿತಿ ಕೊಟ್ಟವರ ಮನೆಯಲ್ಲಿ ಒಂದು ಗುಟುಕು ಚಹಾ ಸಹ ಕುಡಿಯಬಾರದು. ಬಿಸಿಲು ನೆತ್ತಿ ಸುಡುವಾಗಲೂ ತಮ್ಮ ಬಾಟಲಿಯ ಬೆಚ್ಚಗಿನ ನೀರನ್ನೇ ಕುಡಿದು, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿ ಕೂರುತ್ತಿದ್ದರು. ಕಿರಿಯ ಸಹೋದ್ಯೋಗಿ ಶಿರಿಷಾ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ವ್ಯಾಪಾರಿ ಆಕೆಯನ್ನು ಬೈದು ಅಳಿಸಿ ಕಳಿಸಿದಾಗ, ಮರುದಿನ ಭುವನೇಶ್ವರಿಯವರು ಅದೇ ಅಂಗಡಿಗೆ ಆಕೆಯನ್ನು ಕರೆದುಕೊಂಡು ಹೋಗಿ, ಒಂದು ಮಾತೂ ಜೋರು ಮಾಡದೆ, ಆತ ಗಿರಾಕಿಗಳನ್ನೆಲ್ಲ ಮುಗಿಸಿ ತಲೆಯೆತ್ತುವವರೆಗೂ ಪಕ್ಕದಲ್ಲೇ ಕೂತಿದ್ದರು. ಕೊನೆಗೆ ಆತನೇ ಫ್ಯಾನು ಅವರ ಕಡೆ ತಿರುಗಿಸಿದ. ಆವತ್ತು ಅಂಗಡಿಯಿಂದ ಅವರು ತೆಗೆದುಕೊಂಡದ್ದು ಮಾಹಿತಿ ಮತ್ತು ಗಾಳಿ, ಎರಡೇ.

ತೆಲಂಗಾಣ ರಾಜ್ಯವಾದ ಹೊಸದರಲ್ಲಿ, ಉದ್ಯಮಗಳ ಸಂಶೋಧನಾ ವೆಚ್ಚದ ಸಮೀಕ್ಷೆ ಸಣ್ಣ ಊರುಗಳ ಸಣ್ಣ ಕಾರ್ಖಾನೆಗಳವರೆಗೂ ಇಳಿದು ಬಂತು. ಮುಂದುವರಿದ ದೇಶಗಳಲ್ಲಿ ಇಂಥ ಖರ್ಚಿನ ಹೆಚ್ಚಿನ ಭಾರವನ್ನು ಉದ್ಯಮಗಳೇ ಹೊರುತ್ತವೆ. ನಮ್ಮಲ್ಲಿ ಸರಕಾರ ಹೊರುತ್ತದೆ, ಉದ್ಯಮಗಳು ಪಕ್ಕದಲ್ಲಿ ನಡೆಯುತ್ತ ಭಾರ ಬಹಳವಾಯಿತೇ ಎಂದು ವಿಚಾರಿಸುತ್ತವೆ. ಖರ್ಚು ಮಾಡುವ ಉದ್ಯಮಗಳಲ್ಲೂ ಔಷಧ, ವಾಹನ ಎಂದು ಕೆಲವು ದೊಡ್ಡವರದೇ ದೊಡ್ಡ ಪಾಲು. ಆ ರಾಷ್ಟ್ರೀಯ ಚಿತ್ರದಲ್ಲಿ ನಮ್ಮ ಸೀಮೆ ಕಾಣಬೇಕೆಂದರೆ ಭೂತಗನ್ನಡಿ ಸಾಲದು, ಭೂತವನ್ನೇ ಕರೆಯಬೇಕು. ಏಕೆಂದರೆ ಇಲ್ಲಿಂದ ಹೋದ ಉತ್ತರವೆಲ್ಲ ಸೊನ್ನೆ. ಅದೂ ನಾಚಿಕೆಯ ಸೊನ್ನೆಯಲ್ಲ, ಹೆಮ್ಮೆಯ ಸೊನ್ನೆ. ಸಂಶೋಧನೆಗೆ ಏನಾದರೂ ಖರ್ಚಿದೆಯೇ ಎಂದು ಕೇಳಿದರೆ, ಮನೆಯಲ್ಲಿ ಅಂಟುರೋಗವಿದೆಯೇ ಎಂದು ಕೇಳಿದಂತೆ ಜನ ಮುಖ ಗಂಟು ಹಾಕುತ್ತಿದ್ದರು.

ಇದಕ್ಕೆ ಕಾರಣ ಈ ಕಡೆಯ ವ್ಯಾಪಾರದ ನಡವಳಿಕೆ. ಹೊಸದನ್ನು ಮಾಡಿ ನೋಡುತ್ತಿದ್ದಾನೆ ಎಂದರೆ ಹಳೆಯದು ಓಡುತ್ತಿಲ್ಲ ಎಂದು ಬಜಾರು ತಿಳಿಯುತ್ತದೆ. ಬಜಾರು ಹಾಗೆ ತಿಳಿದರೆ ನೂಲು ಉದ್ದರಿ ಕೊಡುವವರು ನಗುವುದನ್ನು ಬಿಡುತ್ತಾರೆ, ಆಮೇಲೆ ಉದ್ದರಿಯನ್ನೂ ಬಿಡುತ್ತಾರೆ. ಹೀಗಾಗಿ ಮಾಡಿ ನೋಡುವುದೆಲ್ಲ ಹಿಂದಿನ ಕೋಣೆಯಲ್ಲಿ, ಮುಸುಕಿನೊಳಗೆ. ಅದಕ್ಕೆ ಹತ್ತಿದ ಖರ್ಚಿಗೆ ಮನೆಯವರ ಬಾಯಲ್ಲಿ ಒಂದೇ ಹೆಸರು: ದಂಡ.

ಗದ್ವಾಲದ ಮಹಾಂತಯ್ಯನವರ ನೇಯ್ಗೆ ಮನೆಯಲ್ಲಿ ಭುವನೇಶ್ವರಿಯವರು ಮೊದಲ ಸಲ ಕಂಡದ್ದೂ ಅಂಥ ಒಂದು ಮುಸುಕನ್ನೇ. ಮಗ್ಗಗಳು ಸಾಲಾಗಿ ಸದ್ದು ಮಾಡುತ್ತಿದ್ದವು; ಮೂಲೆಯದೊಂದು ಮಾತ್ರ ನೀಲಿ ಚೌಕಳಿಯ ದಪ್ಪ ಬಟ್ಟೆ ಹೊದ್ದು ನಿಂತಿತ್ತು. ಅದೇನು ಎಂದು ಕೇಳಿದ್ದಕ್ಕೆ ಮಹಾಂತಯ್ಯನವರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಉತ್ತರಿಸಿದರು.

“ಸೂತಕದಾಗ ಐತ್ರಿ ಅದು.”

ಮಗ್ಗಕ್ಕೆ ಸೂತಕ ಹಿಡಿದದ್ದನ್ನು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ. ಸಂಶೋಧನೆಗೆ ಅವರು ಇಲ್ಲವೆಂದರು, ಇವರು ಸೊನ್ನೆ ಬರೆದರು. ಬಸ್‌ಸ್ಟ್ಯಾಂಡಿನಲ್ಲಿ ರೊಟ್ಟಿ ಬಿಚ್ಚುವಷ್ಟರಲ್ಲಿ ಒಬ್ಬ ಹುಡುಗಿ ಏದುಸಿರು ಬಿಡುತ್ತ ಬಂದು ಎದುರು ನಿಂತಳು. ಮಹಾಂತಯ್ಯನವರ ತೀರಿಹೋದ ಅಣ್ಣನ ಮಗಳು, ಶಿವಗಂಗಾ.

“ಅಕ್ಕಾರ, ಸೂತಕ ಅಲ್ರಿ ಅದು. ನಾನು ಕೆಡಸಾಕತ್ತೀನಿ.”

ಏನನ್ನು ಕೆಡಿಸುತ್ತಿದ್ದಾಳೆಂದು ಅವಳೇ ಹೇಳಿದಳು. ಗದ್ವಾಲ ಸೀರೆಗೆ ಒಡಲು ಹತ್ತಿಯದು, ಅಂಚು ರೇಷ್ಮೆಯದು. ನೀರು ಬಿದ್ದರೆ ಹತ್ತಿ ಮುದುಡುತ್ತದೆ, ರೇಷ್ಮೆ ತನ್ನ ಗತ್ತಿನಲ್ಲೇ ಇರುತ್ತದೆ. ಎರಡೂ ಕೂಡಿದ ಜಾಗ ಎಳೆದಾಡಿ ಬಿಟ್ಟುಕೊಳ್ಳುತ್ತದೆ. ಅಪ್ಪ ಇದ್ದಾಗಿಂದಲೂ ಅವರ ಮನೆಯ ಸೀರೆಯ ಮೇಲಿದ್ದ ದೂರು ಇದೊಂದೇ. ನೂಲನ್ನು ಮೊದಲೇ ನೆನೆಸಿ, ಹುರಿ ಹೆಚ್ಚು ಕಡಿಮೆ ಮಾಡಿ, ಆ ಕೂಡಿಕೆ ನಿಲ್ಲುವಂತೆ ಮಾಡಬೇಕೆಂದು ಅಪ್ಪನ ಮಗ್ಗದ ಮೇಲೆ ಅವಳು ಪ್ರಯತ್ನಪಡುತ್ತಿದ್ದಳು. ಕಾಕಾ ಸಹಿಸಿಕೊಂಡಿದ್ದರು, ಆದರೆ ಬರುವ ವರ್ಷದ ದೀಪಾವಳಿಯವರೆಗೆ ಮಾತ್ರ. ಅಷ್ಟರೊಳಗೆ ಆಗದಿದ್ದರೆ ಮಗ್ಗ ಬಿಚ್ಚಿ ಮಾರುವುದೆಂದು ಮಾತಾಗಿತ್ತು. ನೀವು ಫಾರ್ಮಿನಲ್ಲಿ ಬರೆದುಕೊಂಡರೆ ಕಾಕಾ ಅದನ್ನು ದಂಡ ಅನ್ನುವುದಾದರೂ ತಪ್ಪುತ್ತದೆ ಎಂದು ಅವಳು ಕೇಳಿಕೊಂಡಳು.

ಭುವನೇಶ್ವರಿಯವರು ಅವಳಿಗೆ ಅರ್ಧ ರೊಟ್ಟಿ ಕೊಟ್ಟರು, ಮಾತು ಕೊಡಲಿಲ್ಲ. ಮನೆಯ ಯಜಮಾನರು ಇಲ್ಲವೆಂದದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಮಾತಿನ ಮೇಲೆ ತಿದ್ದುವುದು ಅವರ ಕೈಯಿಂದ ಆಗುವಂಥದ್ದಲ್ಲ. ಆದರೆ ಜುರಾಲಾ ಅಣೆಕಟ್ಟು ದಾಟಿ ಬಸ್ಸು ಮಕ್ತಲ್ ಮುಟ್ಟುವವರೆಗೂ ಆ ಸೊನ್ನೆ ಅವರ ಚೀಲದೊಳಗೆ ಒದ್ದಾಡುತ್ತಲೇ ಇತ್ತು. ಇಷ್ಟು ವರ್ಷ ತಾವು ನಿಜವನ್ನೇ ಬರೆಯುತ್ತಿದ್ದೇವೆಂದು ನಂಬಿದ್ದ ಅವರಿಗೆ, ಬರೆದದ್ದು ಬರೀ ಜನರ ಸಂಕೋಚವನ್ನೇನೋ ಎಂಬ ಅನುಮಾನ ಹುಟ್ಟಿತು.

ಮುಂದಿನ ವರ್ಷ ಮೇಲಿನವರಿಂದ ಸೂಚನೆ ಬಂತು: ಎಲ್ಲಿಂದ ಸೊನ್ನೆಯೇ ಬರುತ್ತದೋ ಆ ಊರುಗಳನ್ನು ಸಮೀಕ್ಷೆಯಿಂದ ಕೈಬಿಡಬಹುದು. ಭುವನೇಶ್ವರಿಯವರು ಅದಕ್ಕೆ ಉತ್ತರ ಬರೆಯಲಿಲ್ಲ. ದೀಪಾವಳಿಯ ಹಿಂದಿನ ದಿನ ಗದ್ವಾಲದ ಬಸ್ಸು ಹತ್ತಿದರು. ಆವತ್ತು ಪೆಟ್ಟಿಗೆಯ ತಳದಿಂದ ಒಂದು ಹಳೆಯ ಸೀರೆ ತೆಗೆದು ಉಟ್ಟಿದ್ದರು.

ಅವರು ಹೋದಾಗ ಆಳುಗಳು ಮೂಲೆಯ ಮಗ್ಗದ ಹಗ್ಗ ಬಿಚ್ಚುತ್ತಿದ್ದರು. ಕೊಳ್ಳುವವನು ಹೊರಗೆ ಟ್ರಾಲಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಶಿವಗಂಗಾ ಗೋಡೆಗೊರಗಿ, ತನ್ನ ಕಣ್ಣೆದುರೇ ನಡೆಯುತ್ತಿರುವುದು ಬೇರೆ ಯಾರ ಮನೆಯದೋ ಎಂಬಂತೆ ನಿಂತಿದ್ದಳು. ಮಹಾಂತಯ್ಯನವರು ಕುರ್ಚಿ ಕೊಡಿಸಿ, ಕೇಳುವ ಮೊದಲೇ ಸಂಶೋಧನೆ ಇಲ್ಲವೆಂದು ಹೇಳಿ, ಚಹಾ ಕುಡಿಯುವುದಿಲ್ಲವೆಂದು ಗೊತ್ತಿದ್ದರೂ ಕುಡಿಯುತ್ತೀರಾ ಎಂದು ವಿಚಾರಿಸಿದರು. ಭುವನೇಶ್ವರಿಯವರು ಈ ಸಲ ಫಾರ್ಮು ತೆಗೆಯಲೇ ಇಲ್ಲ.

“ಈ ವರ್ಷ ಏನು ಕೆಡಿಸಿದ್ರಿ, ಮಹಾಂತಯ್ಯನವರ?”

ಯಜಮಾನರ ಮುಖ ಬಿಗಿಯಿತು. ಇದು ಕೆಡಿಸುವ ಮನೆಯಲ್ಲ, ನಮ್ಮ ಮಾಲು ಹೈದರಾಬಾದಿಗೆ ಹೋಗುತ್ತದೆ ಎಂದು ಅವರು ಶುರುಮಾಡುತ್ತಿದ್ದಂತೆ ಭುವನೇಶ್ವರಿಯವರು ಎದ್ದು, ತಮ್ಮ ಸೆರಗಿನ ತುದಿಯನ್ನು ಬಿಡಿಸಿ ಅವರ ಮುಂದೆ ಹಿಡಿದರು. ಅಂಚು ಒಡಲಿನಿಂದ ಗೇಣುದ್ದ ಬಿಟ್ಟುಕೊಂಡಿತ್ತು; ಅದನ್ನು ಸಣ್ಣ ಸಣ್ಣ ಹೊಲಿಗೆ ಹಾಕಿ ಹಿಡಿಸಿದ್ದರು. ಮಹಾಂತಯ್ಯನವರು ವೈದ್ಯರು ನಾಡಿ ಹಿಡಿಯುವಂತೆ ಆ ಜಾಗವನ್ನು ಎರಡು ಬೆರಳಲ್ಲಿ ಹಿಡಿದರು. ಯಾರ ಮನೆಯ ನೇಯ್ಗೆಯೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಯಾವಾಗ ತೊಗೊಂಡಿದ್ರಿ?”

“ನನ್ನ ತಂಗಿ ಮದುವೀಗೆ. ಈ ಸಮೀಕ್ಷೆ ಗಿಮೀಕ್ಷೆ ಏನೂ ಇರಲಿಲ್ಲ ಆವಾಗ.”

“ಹೇಳಬೇಕಿತ್ತಿಲ್ರಿ ನಮಗ.”

“ಹೇಳಿದ್ರ ರೊಕ್ಕ ವಾಪಸ್ ಕೊಡ್ತಿದ್ರಿ ನೀವು. ನನಗ ರೊಕ್ಕ ಬ್ಯಾಡಾಗಿತ್ತು, ಈ ಸೀರಿನ ಬೇಕಾಗಿತ್ತು.” ಅವರು ಸೆರಗನ್ನು ಮಡಚಿಕೊಂಡು, ಗೋಡೆಗೊರಗಿದ್ದವಳ ಕಡೆ ನೋಡಿದರು. “ಇದು ಬಿಡದಂಗ ಮಾಡಬೇಕಂತ ಆಕಿ ಒದ್ದಾಡಾಕತ್ಯಾಳ. ಅದಕ್ಕ ನೀವು ದಂಡ ಅಂತೀರಿ. ನನ್ನ ಫಾರ್ಮಿನಾಗ ಅದಕ್ಕ ಬ್ಯಾರೆ ಖಾನೆ ಐತ್ರಿ. ನೀವು ಹೇಳಿದ್ರಷ್ಟ ಬರೀತೀನಿ, ಇಲ್ಲಂದ್ರ ಸೊನ್ನಿ ಬರದು ಎದ್ದು ಹೋಗ್ತೀನಿ.”

ಉಳಿದ ಮಗ್ಗಗಳೂ ಅಷ್ಟುಹೊತ್ತಿಗೆ ಸದ್ದು ನಿಲ್ಲಿಸಿದ್ದವು. ಮಹಾಂತಯ್ಯನವರು ಹೊರಗೆ ನಿಂತ ಟ್ರಾಲಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಬರದ್ರ ಬಜಾರಿನಾಗ ಗೊತ್ತಾಗತೈತೇನ್ರಿ?”

“ದಿಲ್ಲಿಗೆ ಗೊತ್ತಾಗತೈತಿ, ಅದೂ ಹೆಸರಿಲ್ಲದ. ಗದ್ವಾಲಕ್ಕ ಗೊತ್ತಾಗಂಗಿಲ್ಲ.”

“ಹಂಗಾದ್ರ ಬರ್ಕೋರಿ,” ಎಂದರು ಮಹಾಂತಯ್ಯನವರು. ಆಮೇಲೆ ಅಣ್ಣನ ಮಗಳ ಕಡೆ ತಿರುಗದೆಯೇ, “ಆ ಹಗ್ಗ ಕಟ್ಟವಾ. ಟ್ರಾಲಿಯವಗ ಚಹಾ ಕುಡಿಸಿ ಕಳಸು,” ಎಂದರು.

ಆ ವರ್ಷದಿಂದ ಭುವನೇಶ್ವರಿಯವರು ಎಲ್ಲ ಕಡೆಯೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ವರ್ಷ ಏನು ಕೆಡಿಸಿದಿರಿ? ಐಜದ ಹತ್ತಿ ಬೀಜದ ತಾಯಣ್ಣನವರು, ಯಾರಿಗೂ ತೋರಿಸದೆ ಬೇಲಿಯ ಹಿಂದೆ ಹೊಸ ತಳಿ ಹಾಕಿದ್ದ ಒಂದು ತುಂಡು ಹೊಲವನ್ನು ಕರೆದೊಯ್ದು ತೋರಿಸಿದರು. ಆಮೇಲೆ ಸುದ್ದಿ ಹಬ್ಬಿ, ಗಾಳಿ ಉಲ್ಟಾ ಬೀಸಿತು. ಕೋಸಗಿಯ ಎಣ್ಣೆ ಮಿಲ್ಲಿನ ಶಂಕರಯ್ಯನವರು ಏರ್‌ಕೂಲರನ್ನೂ ತಮ್ಮ ತಿರುಪತಿ ಯಾತ್ರೆಯನ್ನೂ ಸಂಶೋಧನೆಗೆ ಸೇರಿಸಿ ಹೇಳಿದರು. ಹೊಸದೇನಾದರೂ ಸಿಕ್ಕಿತೇ ಎಂದು ಕೇಳಿದ್ದಕ್ಕೆ, ಹೊಸ ಚಪ್ಪಲಿ ಕಳೆಯಿತೆಂದರು. ಭುವನೇಶ್ವರಿಯವರು ಯಾತ್ರೆಯನ್ನೂ ಕೂಲರನ್ನೂ ಹೊಡೆದುಹಾಕಿ, ಹಿಂಡಿಯಲ್ಲಿ ಉಳಿಯುತ್ತಿದ್ದ ಎಣ್ಣೆ ಹಿಂಡಲು ಅವರು ಮಾಡಿದ್ದ ಪ್ರಯತ್ನವನ್ನು ಮಾತ್ರ ಉಳಿಸಿಕೊಂಡರು. ಸೊನ್ನೆಯನ್ನು ಉಬ್ಬಿಸಿದರೂ ಸೊನ್ನೆಯೇ ಎಂಬುದು ಅವರ ಮಾತು. ಇದೆಲ್ಲದರಿಂದ ದೇಶದ ಲೆಕ್ಕದ ಗೆರೆ ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಆದರೆ ನಮ್ಮ ಊರುಗಳು ಸಮೀಕ್ಷೆಯಲ್ಲಿ ಉಳಿದವು.

ಗದ್ವಾಲ ಜಿಲ್ಲೆಯಾಯಿತು, ಆಮೇಲೆ ನಾರಾಯಣಪೇಟೆಯೂ ಜಿಲ್ಲೆಯಾಯಿತು. ಕಚೇರಿಗೆ ಹೊಸ ಬೋರ್ಡು ಬಂತು, ಹಳೆಯ ಕುರ್ಚಿಗಳೇ ಉಳಿದವು. ಶಿವಗಂಗಾಳ ಕೂಡಿಕೆ ಆ ದೀಪಾವಳಿಗೆ ನಿಲ್ಲಲಿಲ್ಲ, ಮರುವರ್ಷವೂ ನಿಲ್ಲಲಿಲ್ಲ. ಕೊನೆಗೊಮ್ಮೆ ಕೂಡಿಕೆ ನಿಂತಾಗ ಅವಳು ಗದ್ದಲ ಮಾಡಲಿಲ್ಲ. ಒಂದು ಸೀರೆಯನ್ನು ಮತ್ತೆ ಮತ್ತೆ ಒಗೆದು ಒಣಹಾಕಿ, ಕಾಕಾನ ಕೈಗೆ ಕೊಟ್ಟಳಂತೆ.

ನಿವೃತ್ತಿಯ ದಿನ ನಾರಾಯಣಪೇಟೆಯ ಕಚೇರಿಯಲ್ಲಿ ಶಾಲು ಹಾರಗಳ ಮಧ್ಯೆ ಕೋಲೂರಿಕೊಂಡು ಬಂದವರು ಮಹಾಂತಯ್ಯನವರು. ಹಿಂದೆ ಚಹಾದ ಥರ್ಮಾಸು ಹಿಡಿದ ಶಿವಗಂಗಾ. ಮುದುಕರ ಬಗಲಲ್ಲಿ ಒಗೆದು ಮಡಚಿದ ನೀಲಿ ಚೌಕಳಿಯ ಬಟ್ಟೆಯಿತ್ತು, ಅಲ್ಲಲ್ಲಿ ತೇಪೆ ಹಾಕಿದ್ದು.

“ಶಾಲಲ್ರಿ ಇದು. ಮಗ್ಗದ ಮುಸುಕು. ಇನ್ನ ಮ್ಯಾಲ ಅದಕ್ಕ ಬೇಕಾಗಂಗಿಲ್ಲ.”

ಭುವನೇಶ್ವರಿಯವರು ಕೈ ಚಾಚಿದರು, ಗೋಡೆಯ ಗಡಿಯಾರ ನೋಡಿದರು, ಕೈ ಹಿಂದೆ ತೆಗೆದುಕೊಂಡರು.

“ಕಚೇರಿ ಬಿಡೂ ಹೊತ್ತು ಇನ್ನೂ ಆಗಿಲ್ಲ. ಒಂದೀಟು ಕುಂದರ್ರಿ, ಕಾಕಾರ.”

ಮಹಾಂತಯ್ಯನವರು ಕೂತರು. ಎಲ್ಲರೂ ಕೂತರು. ಭಾಷಣ ಮಾಡಬೇಕಾದವರು ಸಹ ಬಾಯಿ ಮುಚ್ಚಿ ಗಡಿಯಾರ ನೋಡಿದರು. ಹೊತ್ತಾದ ಮೇಲೆ ಭುವನೇಶ್ವರಿಯವರು ಎದ್ದು ಹೋಗಿ ಮುದುಕರ ಮುಂದೆ ತಲೆ ಬಗ್ಗಿಸಿದರು. ಮುಸುಕು ಹೆಗಲ ಮೇಲೆ ಬಿದ್ದ ಮೇಲೆ, ಶಿವಗಂಗಾ ಬಗ್ಗಿಸಿಕೊಟ್ಟ ಚಹಾವನ್ನು ನಿಧಾನವಾಗಿ, ಪೂರ್ತಿ ಕುಡಿದು, ಇನ್ನೂ ಒಂದಿಷ್ಟು ಕೇಳಿದರು.

ಅವರಿಗೆ ಆಯುಷ್ಯ ಉದ್ದವಾಗಿರಲಿ, ಅದರ ಅಂಚು ಒಡಲಿಗೆ ಗಟ್ಟಿಯಾಗಿ ಕೂಡಿರಲಿ. ಚೀಲ ಕೆಳಗಿಟ್ಟ ಮೇಲೂ ಗದ್ವಾಲದ ಬಸ್ಸಿನಲ್ಲಿ ಕಿಟಕಿಯ ಸೀಟು ಅವರಿಗೆ ಸಿಗುತ್ತಿರಲಿ. ಅವರು ನಮ್ಮ ಬಾಗಿಲಿಗೆ ಬಂದು ಈ ವರ್ಷ ಏನು ಕೆಡಿಸಿದ್ರಿ ಎಂದು ಕೇಳಿದಾಗ, ಮುಸುಕು ತೆಗೆದು ತೋರಿಸಲು ಪ್ರತಿ ಮನೆಯ ಮೂಲೆಯಲ್ಲೂ ಏನಾದರೊಂದು ಇರಲಿ.